ಬಸ್ಸಿನಲ್ಲಿ ಬರುತ್ತಿದ್ದ ಕನ್ನಡಕ

ಅವರ ಸಂತಾಪಸಭೆಯಲ್ಲಿ ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು: ಕಣ್ಣಿನ ಚಿಕಿತ್ಸೆಯ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಅರಿವು ಮೂಡಿಸಿದ ಮಹನೀಯರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಅವರು ಯಾರಲ್ಲೂ ಯಾವ ಅರಿವನ್ನೂ ಮೂಡಿಸಲಿಲ್ಲ. ಮೂಡಿಸಲು ಹೊರಟವನು ನಾನು, ಅದು ಮೂಡಲಿಲ್ಲ. ಅವರು ಮಾಡಿದ್ದು ಬೇರೆಯೇ ಒಂದು ಕೆಲಸ, ಮತ್ತು ಅದು ಸರಿಯೋ ತಪ್ಪೋ ಎಂದು ನನಗೆ ಈಗಲೂ ನಿಶ್ಚಯವಿಲ್ಲ. ನಿಶ್ಚಯವಿಲ್ಲದ್ದು ಇನ್ನೂ ಬೇಕಾದಷ್ಟಿದೆ. ಅವರು ಆಡುತ್ತಿದ್ದದ್ದು ತುಳು; ನನ್ನ ತಲೆಯಲ್ಲಿ ಉಳಿದಿರುವುದು ಕನ್ನಡ. ಇವೆರಡರ ನಡುವೆ ಎಷ್ಟು ಸೋರಿಹೋಗಿದೆ, ಎಷ್ಟನ್ನು ನಾನೇ ತುಂಬಿದ್ದೇನೆ ಎಂದು ಹೇಳಲು ಈಗ ಸಾಕ್ಷಿಗೆ ಯಾರೂ ಉಳಿದಿಲ್ಲ.

ಅವರು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟರಾಗಿದ್ದರು. ಐವತ್ತರ ದಶಕದಲ್ಲಿ ನಮ್ಮ ಕಡೆ ಬಸ್ಸು ಓಡಿಸುತ್ತಿದ್ದದ್ದು ಡ್ರೈವರು, ತುಂಬಿಸುತ್ತಿದ್ದದ್ದು ಏಜೆಂಟರು. ಕೊಡೆಯ ಹಿಡಿಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿ, ಬಾಯಲ್ಲಿ ವೀಳ್ಯ ತುಂಬಿಕೊಂಡು, ಅಂಗೈಯಿಂದ ಬಸ್ಸಿನ ತಗಡಿಗೆ ಬಡಿಯುತ್ತ ಊರುಗಳ ಹೆಸರು ಕೂಗುತ್ತಿದ್ದರು. "ಈಗ ಬಿಡ್ತದೆ, ಈಗ ಬಿಡ್ತದೆ" ಎಂಬುದು ಅವರು ದಿನಕ್ಕೆ ಎಷ್ಟು ಸಲವೋ ಹೇಳುತ್ತಿದ್ದ ಸುಳ್ಳು. ನಂಬಿ ಓಡಿ ಬಂದು ಹತ್ತಿದವರು ಕೂತು ಬೆವರುತ್ತಿದ್ದರು. ಬಸ್ಸು ತುಂಬುವ ತನಕ ಕದಲುತ್ತಿರಲಿಲ್ಲ. ಕೇಳಿದರೆ, "ಹೊರಡುವುದು ಸತ್ಯ ಅಲ್ವಾ? ಸ್ವಲ್ಪ ಹಿಂದೆ ಮುಂದೆ" ಎನ್ನುವರು.

ಅವರಿಗೆ ಇನ್ನೊಂದು ವಿಚಿತ್ರ ಕ್ರಮವಿತ್ತು. ಇಷ್ಟವಾದವರನ್ನು ನೀನು ಎನ್ನುತ್ತಿದ್ದರು, ಕಿರಿಕಿರಿಯಾದವರನ್ನು ನೀವು. ನನ್ನನ್ನು ಕೊನೆಯ ತನಕ "ನೀವು, ಮಾಸ್ಟ್ರೆ" ಎಂದೇ ಕರೆದರು.

ನಾನು ಆಗ ಮದರಾಸಿನಲ್ಲಿ ತರ್ಕಶಾಸ್ತ್ರ, ತತ್ತ್ವಶಾಸ್ತ್ರ ಓದಿ ಬಂದು ಮೂಡುಬಿದಿರೆಯ ಹೈಸ್ಕೂಲಿನಲ್ಲಿ ತಾತ್ಕಾಲಿಕ ಕೆಲಸಕ್ಕಿದ್ದೆ. ಬೇರೆಲ್ಲಾದರೂ ಕೆಲಸ ಸಿಕ್ಕಿದರೆ ಮರುದಿನವೇ ಹೊರಡುವವನ ಹಾಗೆ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿರಲೂ ಇಲ್ಲ. ಸಂಜೆ ಹೊತ್ತು ಹೋಗದೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂರುತ್ತಿದ್ದೆ. ಅಲ್ಲಿಂದ ಅವರ ಮತ್ತು ಮುದುಕರ ಸಂಭಾಷಣೆ ಸ್ಪಷ್ಟವಾಗಿ ಕೇಳುತ್ತಿತ್ತು. ಓದಲು ಬಾರದವರು ಬಸ್ಸಿನ ಬಣ್ಣ ನೋಡಿ ಹತ್ತುವ ಕಾಲ ಅದು.

"ಅಜ್ಜ, ನಿಮ್ಮದು ಹಸಿರು ಬಸ್ಸು."

"ಹಸಿರು ಎಲ್ಲುಂಟು ಮಗ?"

"ನಿಮ್ಮ ಮೂಗಿನ ಎದುರು ಉಂಟು."

"ಮೂಗು ಎಲ್ಲುಂಟೆಂದು ಗೊತ್ತುಂಟು. ಹಸಿರು ಕಾಣುದಿಲ್ಲ."

ಕಣ್ಣಿಗೆ ಪೊರೆ ಬಂದ ಇಂಥವರು ದಿನಕ್ಕೆ ಎಷ್ಟೋ ಮಂದಿ. ಅವರ ಕೈ ಹಿಡಿದು ಹತ್ತಿಸಬೇಕು, ಇಳಿಯುವ ಜಾಗ ಕಂಡಕ್ಟರನಿಗೆ ಹೇಳಬೇಕು. ತಪ್ಪು ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋದವರನ್ನು ಮರುದಿನ ಬಯ್ದು ಊರಿಗೆ ಕಳಿಸಬೇಕು. ಒಂದು ಸಂಜೆ ಅವರು ನನ್ನ ಮೇಜಿನ ಎದುರು ಧೊಪ್ಪನೆ ಕೂತು, "ಮಾಸ್ಟ್ರೆ, ಮಂಗಳೂರಿನಲ್ಲಿ ಪೊರೆ ತೆಗೆಯುವ ಡಾಕ್ಟ್ರು ಇದ್ದಾರಂತೆ. ಅವರನ್ನು ಇಲ್ಲಿಗೆ ಕರೆಸುವ. ನೀವು ಇಂಗ್ಲಿಷಿನಲ್ಲಿ ಬರೆಯಿರಿ" ಎಂದರು.

ಸಮಾಜಸೇವೆಯ ಹಂಬಲ ಇವರಿಗೆ ಯಾವಾಗ ಬಂತು ಎಂದು ನಾನು ನಕ್ಕೆ.

"ಸೇವೆ ಅಲ್ಲ ಮಾರಾಯ್ರೆ. ಇವರಿಗೆ ಉಪಕಾರ ಆಗದಿದ್ದರೂ ಬೇಡ, ನನಗೆ ಇವರ ಉಪದ್ರ ತಪ್ಪಿದರೆ ಸಾಕು."

ಈ ಮಾತನ್ನು ಸಭೆಯಲ್ಲಿ ಯಾರೂ ಹೇಳಲಿಲ್ಲ. ಆದರೆ ಅದೂ ಪೂರ್ತಿ ಸತ್ಯವಲ್ಲ. ಅವರಿಗೆ ನೆರಿಯ ಎಂಬ ಹಳ್ಳಿಯಲ್ಲಿ ಒಬ್ಬ ಚಿಕ್ಕಮ್ಮ ಇದ್ದರು. ತಾಯಿ ತೀರಿಕೊಂಡ ಮೇಲೆ ಇವರನ್ನು ಸಾಕಿದವರು. ಆಕೆಯ ಎರಡೂ ಕಣ್ಣು ಪೊರೆ ಬಂದು ಮುಚ್ಚಿಹೋಗಿದ್ದವು. ಅಂಗಳದ ತುಳಸಿಕಟ್ಟೆಗೆ ಹೋಗಬೇಕಾದರೂ ಗೋಡೆ ಹಿಡಿದು ಹೋಗುತ್ತಾರೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಡಾಕ್ಟರು ಒಪ್ಪಿದರು. ಸಮಿತಿಯಾಯಿತು, ನಾನು ಕಾರ್ಯದರ್ಶಿಯಾದೆ. ಶಿಬಿರ ನಮ್ಮಲ್ಲೇ ಆಗಬೇಕೆಂದು ಬಂಟ್ವಾಳದವರು, ನಮ್ಮಲ್ಲೇ ಎಂದು ಮೂಡುಬಿದಿರೆಯವರು ಜಗಳಾಡಿ, ಇಬ್ಬರಿಗೂ ಬೇಡವಾದ ಬೆಳ್ತಂಗಡಿಯ ಒಂದು ಶಾಲೆಗೆ ಅದು ಹೋಯಿತು. ದಿನ ನಿಶ್ಚಯಿಸಿದವರು ಏಜೆಂಟರು. ಪತ್ತನಾಜೆಯ ತನಕ, ಅಂದರೆ ಮೇ ತಿಂಗಳ ಕೊನೆಯ ವಾರದ ತನಕ, ನಮ್ಮ ಜನ ಭೂತಗಳ ಕೋಲ, ನೇಮ, ಯಕ್ಷಗಾನ ಎಂದು ತಿರುಗುತ್ತಾರೆ. ಯಾರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಲಾರರು. ಮಳೆ ಹಿಡಿದ ಮೇಲೆ ಗದ್ದೆ ಕೆಲಸ. ಹಾಗಾಗಿ ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲಿನ ಸಣ್ಣ ಸಂದಿನಲ್ಲಿ, ಶಾಲೆಗೆ ರಜೆ ಇರುವಾಗ. ಇದು ಬಹಳ ಬುದ್ಧಿವಂತಿಕೆಯ ಲೆಕ್ಕ ಎಂದು ಎಲ್ಲರಿಗೂ ಅನ್ನಿಸಿತು. ನನಗೂ.

ಜನರನ್ನು ಒಟ್ಟು ಮಾಡಿದ್ದೂ ಅವರೇ, ತಮ್ಮ ಕಸುಬಿನ ಭಾಷೆಯಲ್ಲಿ. "ಬೆಳ್ತಂಗಡಿ, ಬೆಳ್ತಂಗಡಿ! ಕಣ್ಣು, ಕಣ್ಣು! ಬಟ್ಟೆ ಬಿಚ್ಚಿದ ಕೂಡಲೇ ಬೆಳಕು!" ಹಾಗೆ ಹೇಳಬೇಡಿ, ಡಾಕ್ಟರು ಹಾಗೆ ಹೇಳಿಲ್ಲ ಎಂದು ನಾನು ತಡೆದೆ. "ನಿಮ್ಮ ಹಾಗೆ 'ಬಹುಶಃ', 'ಆದರೆ' ಎಂದು ಕೂಗಿದರೆ ಯಾರು ಹತ್ತುತ್ತಾರೆ ಮಾಸ್ಟ್ರೆ?" ಎಂದರು. ಚಿಕ್ಕಮ್ಮನನ್ನೂ ಇದೇ ಮಾತು ಹೇಳಿ ಕರೆತಂದರು.

ಬಟ್ಟೆ ಬಿಚ್ಚಿದ ದಿನ ನಾನು ಅಲ್ಲಿದ್ದೆ. ಆಕೆ ಸುತ್ತಲೂ ತಲೆ ತಿರುಗಿಸಿದರು. ಬೆಳಕು ಬಂದಿತ್ತು. ಆದರೆ ಒದ್ದೆ ಬಟ್ಟೆಯ ಆಚೆ ಲೋಕ ಅಲುಗಾಡಿದ ಹಾಗೆ. ಯಾವುದು ಮನುಷ್ಯ, ಯಾವುದು ಕಂಬ ಎಂಬ ವ್ಯತ್ಯಾಸವಿಲ್ಲ. ಡಾಕ್ಟರು ವಿವರಿಸಿದರು: ಕಣ್ಣೊಳಗಿನ ಮಸೂರವೇ ಮಬ್ಬಾಗಿತ್ತು, ಅದನ್ನು ತೆಗೆದಾಯಿತು, ಇನ್ನು ಅದರ ಕೆಲಸವನ್ನು ಹೊರಗಿನಿಂದ ದಪ್ಪ ಕನ್ನಡಕ ಮಾಡಬೇಕು; ಗಾಯ ಮಾಯಲು ಆರು ವಾರ ಬೇಕು, ಆಮೇಲೆ ಬಂದು ಕನ್ನಡಕ ಕೊಡುತ್ತೇನೆ.

ಚಿಕ್ಕಮ್ಮ ಇದನ್ನೆಲ್ಲ ಕೇಳಿ ಏಜೆಂಟರ ದನಿ ಬಂದ ಕಡೆಗೆ ತಿರುಗಿ, "ಬಸ್ಸಿನ ಜನರಿಗೆ ಹೇಳುವ ಸುಳ್ಳು ನನಗೂ ಹೇಳಿದೆಯಾ?" ಎಂದರು. ಆಮೇಲೆ ಅವರೊಡನೆ ಮಾತು ಬಿಟ್ಟರು.

ಆರು ವಾರ ಎಂದರೆ ಆಟಿ ತಿಂಗಳು, ತುಳುವರ ಜಡಿಮಳೆಯ ಆಷಾಢ. ನಮ್ಮ ಬುದ್ಧಿವಂತಿಕೆಯ ಲೆಕ್ಕದಲ್ಲಿ ಇದನ್ನು ಯಾರೂ ಕೂಡಿಸಿರಲಿಲ್ಲ. ಆಟಿಯಲ್ಲಿ ನಮ್ಮವರು ಹೊಸ ಕೆಲಸ ಹಿಡಿಯುವುದಿಲ್ಲ, ಮನೆ ಬಿಟ್ಟು ಹೊರಡುವುದಿಲ್ಲ. ಹೊರಟರೂ ಹೊಳೆ ಬಿಡುವುದಿಲ್ಲ. ಡಾಕ್ಟರು ಮಂಗಳೂರಿನಿಂದ ಕನ್ನಡಕದ ಪೆಟ್ಟಿಗೆ ಹಿಡಿದು ಬಂದು ಆ ಶಾಲೆಯ ಜಗಲಿಯಲ್ಲಿ ಸುರಿವ ಮಳೆ ನೋಡುತ್ತ ಇಡೀ ದಿನ ಕೂತರು. ಒಬ್ಬರೂ ಬರಲಿಲ್ಲ. ಬೇಕಾದವರು ಮಂಗಳೂರಿಗೇ ಬರಲಿ ಎಂದು ಪೆಟ್ಟಿಗೆ ಎತ್ತಿಕೊಂಡು ಹೋದರು. ಹೋಗಿ ತಂದವರು, ನನಗೆ ತಿಳಿದ ಮಟ್ಟಿಗೆ, ಮೂಡುಬಿದಿರೆಯ ನಿವೃತ್ತ ಹೆಡ್‌ಮಾಸ್ಟರು ಒಬ್ಬರೇ. ಉಳಿದವರು ಮನೆಯಲ್ಲಿ ಕೂತು, ಆಪರೇಶನ್‌ನಿಂದ ಇದ್ದ ಕಣ್ಣೂ ಹೋಯಿತು ಎಂದು ಬಂದವರಿಗೆಲ್ಲ ಹೇಳತೊಡಗಿದರು. ನೆರಿಯದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಚಿಕ್ಕಮ್ಮ: "ನಾನು ಸಾಕಿದವನೇ ನನ್ನ ಕಣ್ಣು ಕುರುಡು ಮಾಡಿಸಿದ."

ಏಜೆಂಟರು ನನ್ನನ್ನು ಎಳೆದುಕೊಂಡು ಮಂಗಳೂರಿಗೆ ಹೋದರು. ಪೆಟ್ಟಿಗೆ ಕೊಡಿ, ಬಸ್ಸಿನಲ್ಲಿ ಒಯ್ದು ಅವರವರ ಸ್ಟಾಪಿನಲ್ಲಿ ಕೊಡುತ್ತೇವೆ ಎಂದರು. ಡಾಕ್ಟರು ಒಳ್ಳೆಯವರೇ, ಆದರೆ ನಿಯಮ ಬಿಡುವವರಲ್ಲ.

"ಒಬ್ಬೊಬ್ಬರ ಕಣ್ಣು ಪರೀಕ್ಷೆ ಮಾಡದೆ ಹೇಗೆ ಕೊಡಲಿ? ಕನ್ನಡಕ ಎಂದರೆ ಬೀಡಿ ಕಟ್ಟೇ, ಹಂಚಲಿಕ್ಕೆ?"

"ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ನಂಬ್ರ ಎಂದು ನೀವೇ ಹೇಳಿದ್ದಲ್ಲವಾ?"

"ಹೆಚ್ಚು ಕಡಿಮೆ ಎಂದರೆ ಸರಿ ಎಂದಲ್ಲ."

"ಏನೂ ಇಲ್ಲದ್ದಕ್ಕಿಂತ ಹೆಚ್ಚು ಕಡಿಮೆ ವಾಸಿ ಅಲ್ವಾ ಡಾಕ್ಟ್ರೆ?"

"ನಿಮ್ಮ ಚಿಕ್ಕಮ್ಮನನ್ನು ಕರೆದುಕೊಂಡು ಬನ್ನಿ, ಈಗಲೇ ಕೊಡ್ತೇನೆ."

"ಅವರ ಮನೆಗೂ ರಸ್ತೆಗೂ ನಡುವೆ ಹೊಳೆ ಉಂಟು. ಅದಕ್ಕೆ ಅಡಿಕೆಮರದ ಒಂದು ಸಂಕ. ಸಂಕ ದಾಟಬೇಕಾದರೆ ಕಣ್ಣು ಬೇಕು, ಕಣ್ಣು ಬೇಕಾದರೆ ಸಂಕ ದಾಟಬೇಕು. ನಾನು ಎಂತ ಮಾಡುವುದು ಹೇಳಿ!"

ಡಾಕ್ಟರು ಮುಂದಿನ ರೋಗಿಯನ್ನು ಕರೆದರು. ಹಿಂದಿರುಗುವ ಬಸ್ಸಿನಲ್ಲಿ ಏಜೆಂಟರು ಒಂದು ಊರಿನ ಹೆಸರನ್ನೂ ಕೂಗಲಿಲ್ಲ, ಅವರ ಮಟ್ಟಿಗೆ ಅದು ರೋಗದ ಲಕ್ಷಣ.

ಮರುದಿನವೋ ಅದರ ಮರುದಿನವೋ, ಹೆಡ್‌ಮಾಸ್ಟರು ಹೋಟೆಲಿನಲ್ಲಿ ಕನ್ನಡಕ ಏರಿಸಿ ಪೇಪರು ಓದುತ್ತಿದ್ದಾಗ ಏಜೆಂಟರು ಎದುರು ನಿಂತು, "ಸಾರ್, ಅದನ್ನು ಒಂದು ದಿನಕ್ಕೆ ಕೊಡಿ" ಎಂದರು.

"ಪೇಪರಾ?"

"ಕನ್ನಡಕ."

ಆಮೇಲೆ ಆದದ್ದನ್ನು ನಾನು ಎರಡು ಬಗೆಯಲ್ಲಿ ನೆನೆಯುತ್ತೇನೆ. ಒಂದರಲ್ಲಿ ಹೆಡ್‌ಮಾಸ್ಟರು ತಾವಾಗಿ ತೆಗೆದುಕೊಟ್ಟರು. ಇನ್ನೊಂದರಲ್ಲಿ ಏಜೆಂಟರೇ ಮೂಗಿನ ಮೇಲಿಂದ ಎತ್ತಿಕೊಂಡರು. ಎರಡನೆಯದು ಹೆಚ್ಚು ಚೆನ್ನಾಗಿರುವುದರಿಂದಲೇ ನನಗೆ ಅದರ ಮೇಲೆ ಅನುಮಾನ. ಹೇಗಾದರೂ, ಕನ್ನಡಕ ಟವೆಲಿನೊಳಗೆ ಸೇರಿತು, ಏಜೆಂಟರು ಅಂದಿನ ಬಸ್ಸುಗಳನ್ನು ಯಾರಿಗೋ ಒಪ್ಪಿಸಿ ನೆರಿಯಕ್ಕೆ ಹೋದರು.

ಅಲ್ಲಿ ನಡೆದದ್ದನ್ನು ಅವರೇ ಹೇಳಿದ್ದು. ಚಿಕ್ಕಮ್ಮ ಕನ್ನಡಕ ಹಾಕಿಕೊಂಡರು. ಎದ್ದು ಅಡಿಗೆಮನೆಗೆ ಹೋದರು. ಒಲೆಯ ಮೇಲಿನ ಮಸಿ ನೋಡಿದರು, ಉಪ್ಪಿನ ಭರಣಿಯೊಳಗೆ ಇಣುಕಿದರು. ಆಮೇಲೆ ಸೊಸೆಯನ್ನು ಕರೆದು, "ಇಷ್ಟು ವರ್ಷ ನೀನು ನನಗೆ ತಿನ್ನಿಸಿದ್ದು ಈ ಅಕ್ಕಿಯನ್ನಾ?" ಎಂದು ಶುರು ಮಾಡಿದ ಬೈಗುಳ ಸಂಜೆಯ ತನಕ ನಿಲ್ಲಲಿಲ್ಲವಂತೆ. ಅಕ್ಕಪಕ್ಕದವರೆಲ್ಲ ಬಂದು ನೋಡಿದರು. ಏಜೆಂಟರು ಹೊರಡುವಾಗ ಕನ್ನಡಕ ಕೊಡಿ ಎಂದರು.

"ಯಾಕೆ ಕೊಡುವುದು? ನೀನು ಬಟ್ಟೆ ಬಿಚ್ಚಿದ ಕೂಡಲೇ ಕಾಣ್ತದೆ ಎಂದಿದ್ದೆ. ಈಗ ಕಾಣ್ತಾ ಉಂಟು."

ಬರಿಗೈಯಲ್ಲಿ ಬಂದರು. ಹೆಡ್‌ಮಾಸ್ಟರು ಬಸ್‌ಸ್ಟ್ಯಾಂಡಿಗೆ ತಡಕಾಡಿಕೊಂಡು ಬಂದು, "ನನ್ನ ಕಣ್ಣು ಎಲ್ಲಿ ಮುಟ್ಟಿತು?" ಎಂದು ಕೇಳುವರು. "ಈಗ ಬರ್ತದೆ ಸಾರ್, ಈಗ ಬರ್ತದೆ."

ಕೊನೆಗೆ ಒಂದು ಒಪ್ಪಂದವಾಯಿತು. ಒಂದು ವಾರ ನೆರಿಯಕ್ಕೆ, ಒಂದು ವಾರ ಮೂಡುಬಿದಿರೆಗೆ. ಚಾರ್ಮಾಡಿ ದಾರಿಯ ಬಸ್ಸಿನ ಕಂಡಕ್ಟರು ಟವೆಲಿನಲ್ಲಿ ಸುತ್ತಿದ ಕನ್ನಡಕವನ್ನು ನೆರಿಯದ ಕೈಮರದ ಬಳಿಯ ಅಂಗಡಿಯಲ್ಲಿ ಕೊಡುವುದು, ಅಲ್ಲಿಂದ ತರುವುದು. ಸುದ್ದಿ ಹರಡಿತು. ಆ ದಾರಿಯಲ್ಲಿ ಆಪರೇಶನ್ ಆಗಿ ಮಬ್ಬಿನಲ್ಲಿ ಕೂತಿದ್ದ ಉಳಿದವರೂ ತಮಗೂ ಒಂದು ದಿನ ಎಂದರು. ಯಾರದೋ ಮನೆಯಲ್ಲಿ ಮದುವೆಯ ಮಾತುಕತೆ, ಯಾರದೋ ಮೊಮ್ಮಗು ನೋಡಬೇಕು. ಕನ್ನಡಕ ಪ್ರಯಾಣಿಕನ ಹಾಗೆ ಒಂದೊಂದು ಸ್ಟಾಪಿನಲ್ಲಿ ಇಳಿದು ಹತ್ತಿತು. ಯಾರ ಸರದಿ ಎಂಬುದು ಏಜೆಂಟರ ಬಾಯಲ್ಲಿತ್ತು. ಅದರಲ್ಲಿ ಅನ್ಯಾಯವೂ ಆಗುತ್ತಿತ್ತು, ಜಗಳವೂ ಆಗುತ್ತಿತ್ತು. ಹೆಡ್‌ಮಾಸ್ಟರು ತಮ್ಮ ಸ್ವಂತ ಕನ್ನಡಕಕ್ಕಾಗಿ ಕಾದು ಕಾದು, ಕೊನೆಗೆ ಮಂಗಳೂರಿಗೆ ಹೋಗಿ ಡಾಕ್ಟರ ಎದುರು ಇದನ್ನೆಲ್ಲ ಹೇಳಿ ಗದ್ದಲ ಮಾಡಿದರು. ನನ್ನ ಇಂಗ್ಲಿಷ್ ಪತ್ರಗಳು ಮಾಡದ ಕೆಲಸವನ್ನು ಆ ಗದ್ದಲ ಮಾಡಿತು. ಮುಂದಿನ ವರ್ಷದಿಂದ ಬಟ್ಟೆ ಬಿಚ್ಚುವ ದಿನವೇ, ಹೆಚ್ಚು ಕಡಿಮೆ ನಂಬ್ರದ ಒಂದು ಕನ್ನಡಕ ಎಲ್ಲರಿಗೂ ಕೊಡುವುದೆಂದು ಡಾಕ್ಟರು ಒಪ್ಪಿದರು. ಕಳೆದ ವರ್ಷದವರಿಗೂ ಆಗಲೇ ಕೊಡುವುದು.

ಎಲ್ಲ ಸರಿಹೋಯಿತು ಎಂದು ನಾನು ನಂಬಿದೆ.

ಮರುವರ್ಷ ಪತ್ತನಾಜೆ ಕಳೆದು ಶಿಬಿರದ ಬೆಳಿಗ್ಗೆ ಬೆಳ್ತಂಗಡಿಯ ಶಾಲೆಯ ಅಂಗಳ ತುಂಬಿತ್ತು. ಕಳೆದ ವರ್ಷದ ಅಪಪ್ರಚಾರ ಎಲ್ಲಿ ಹೋಯಿತು ಎಂದು ನನಗೆ ಆಶ್ಚರ್ಯ. ಎದುರಿಗಿದ್ದ ಅಜ್ಜನನ್ನು ಒಳಗೆ ಬನ್ನಿ, ಡಾಕ್ಟರು ಕಣ್ಣು ನೋಡುತ್ತಾರೆ ಎಂದೆ.

"ಒಳಗೆ ಬೇಡ ಮಾಸ್ಟ್ರೆ. ಕನ್ನಡಕ ಕೊಟ್ಟರೆ ಸಾಕು. ಬಸ್ಸಿನಲ್ಲಿ ಬರ್ತದಲ್ಲ, ಅಂಥದ್ದು."

"ಮೊದಲು ಆಪರೇಶನ್ ಆಗಬೇಕು."

"ಅದು ಬೇಡ. ಅದರಿಂದ ಕಣ್ಣು ಹಾಳಾಗುವುದು. ನೆರಿಯದಮ್ಮ ಹೇಳಿದ್ದಾರೆ: ಕೊಯ್ದದ್ದರಿಂದ ಎಂತದೂ ಕಾಣಲಿಲ್ಲ, ಕನ್ನಡಕ ಹಾಕಿದ ಮೇಲೆ ಎಲ್ಲ ಕಂಡಿತು ಎಂದು."

ಅಂಗಳದ ತುಂಬ ಚಿಕ್ಕಮ್ಮನ ಅದೇ ಮಾತು. ನಾನು ತರ್ಕ ಓದಿದವನು. ಅವರು ಕಣ್ಣಾರೆ ಕಂಡದ್ದು ಇಷ್ಟೇ: ಆಪರೇಶನ್ ಆಯಿತು, ಕಾಣಲಿಲ್ಲ, ಕನ್ನಡಕ ಬಂತು, ಕಂಡಿತು. ಇದರಿಂದ ಅವರು ತೆಗೆದ ತೀರ್ಮಾನದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ನಾನು ಕರಿಹಲಗೆಯನ್ನು ಜಗಲಿಗೆ ತರಿಸಿದೆ. ಕಣ್ಣಿನ ಚಿತ್ರ ಬರೆದೆ. ಕಿಟಕಿಯ ಗಾಜು ಮಸಿ ಹಿಡಿದರೆ ಮೊದಲು ಆ ಗಾಜು ತೆಗೆಯಬೇಕು ಎಂದೆ. ಅವರಲ್ಲಿ ಹೆಚ್ಚಿನವರ ಮನೆಗಳಿಗೆ ಗಾಜಿನ ಕಿಟಕಿಯೇ ಇರಲಿಲ್ಲ. ಎದುರು ಹಲಗೆ ಇದೆ ಎಂಬುದೂ ಎಷ್ಟೋ ಜನರಿಗೆ ಕಾಣುತ್ತಿರಲಿಲ್ಲ. ಪೊರೆ ಇರುವಾಗ ಕನ್ನಡಕ ಕೆಲಸ ಮಾಡುವುದಿಲ್ಲ ಎಂದು ತೋರಿಸಲು ಪೆಟ್ಟಿಗೆಯಿಂದ ಒಂದನ್ನು ತೆಗೆದು ಆ ಅಜ್ಜನಿಗೇ ಹಾಕಿದೆ.

"ಈಗ ಹೇಳಿ, ಕಾಣ್ತದಾ?"

ಅವರು ಆಚೆ ಈಚೆ ನೋಡಿದರು. ಅಂಗೈಯನ್ನು ಮೂಗಿನ ಹತ್ತಿರ ತಂದರು. "ಹೋ! ಕೈಯ ಗೆರೆ ಕಾಣ್ತದೆ ಮಾಸ್ಟ್ರೆ! ಇಷ್ಟು ದೊಡ್ಡದಾಗಿ ಕಾಣ್ತದೆ!"

ದಪ್ಪ ಗಾಜು ಹತ್ತಿರದ್ದನ್ನು ಹಿಗ್ಗಿಸಿ ತೋರಿಸುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಪಕ್ಕದವರು ಕಿತ್ತು ತಾವು ಹಾಕಿಕೊಂಡರು. ಅವರಿಗೂ ಕಂಡಿತು. ಕಾಣದವರೂ ಕಾಣುತ್ತದೆ ಎಂದರು. ಒಳಗೆ ಡಾಕ್ಟರು ಕೈ ತೊಳೆದುಕೊಂಡು ಕಾಯುತ್ತಿದ್ದರು. ಒಬ್ಬರೂ ಹೊಸ್ತಿಲು ದಾಟಲಿಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂದದ್ದು ನೆನಪಿದೆ. ಯಾರ ಮೇಲೆ ಎಂಬುದು ನೆನಪಿಲ್ಲ.

ಅಷ್ಟರಲ್ಲಿ ಏಜೆಂಟರು ಇನ್ನೊಂದು ಬಸ್ಸಿನ ಜನರನ್ನು ಕರೆದುಕೊಂಡು ಬಂದರು. ನಾನು ಸಂಗತಿ ಹೇಳಿದೆ. ಅವರು ವೀಳ್ಯ ಉಗಿದು, ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಜಗಲಿಯ ಬೆಂಚು ಹತ್ತಿ ಅದರ ಮುಚ್ಚಳಕ್ಕೆ ಅಂಗೈಯಿಂದ ಬಡಿದರು.

"ಇಲ್ಲಿ ಕೇಳಿ! ಆಪರೇಶನ್ ಆದವರಿಗೆ ಮಾತ್ರ ಕನ್ನಡಕ! ಆಗದವರಿಗೆ ಇಲ್ಲ! ಹೇಳಿದರೂ ಇಲ್ಲ, ಅತ್ತರೂ ಇಲ್ಲ! ಬೇಡದವರಿಗೆ ವಾಪಸ್ ಹೋಗುವ ಬಸ್ಸು ಹೊರಗೆ ನಿಂತಿದೆ. ಬೇಕಾದವರು ಸಾಲು, ಸಾಲು!"

ಅಂಗಳ ಸ್ವಲ್ಪ ಹೊತ್ತು ಗೊಣಗಿತು. ಒಬ್ಬಾಕೆ, "ಅದನ್ನು ಮಾಡಿಸಿಕೊಳ್ಳದೆ ಕೊಡುವುದೇ ಇಲ್ಲವಾ?" ಎಂದು ಕೊನೆಯ ಸಲ ಕೇಳಿದರು.

"ಇಲ್ಲ ಅಕ್ಕ. ಡಾಕ್ಟ್ರ ಕಾನೂನು."

"ಎಂಥ ಅನ್ಯಾಯದ ಕಾನೂನಪ್ಪ" ಎನ್ನುತ್ತ ಆಕೆ ಮುಂದೆ ಬಂದರು. ಅವರ ಹಿಂದೆ ಕೈಯ ಗೆರೆ ಕಂಡ ಅಜ್ಜ. ಆಮೇಲೆ ಸಾಲು ಅಂಗಳ ದಾಟಿ ರಸ್ತೆಯ ತನಕ ಹೋಯಿತು.

ಮಧ್ಯಾಹ್ನ ನಾನು ಅವರನ್ನು ಶಾಲೆಯ ಹಿಂದೆ ಹಿಡಿದು ನಿಲ್ಲಿಸಿದೆ. "ಇದು ಸುಳ್ಳು. ಕನ್ನಡಕಕ್ಕಾಗಿ ಕೊಡಬೇಕಾದ ಶಿಕ್ಷೆ ಆಪರೇಶನ್ ಎಂದು ಅವರು ತಿಳಿದಿದ್ದಾರೆ."

"ಯಾವುದು ಸುಳ್ಳು? ಆಪರೇಶನ್ ಇಲ್ಲದೆ ನೀವು ಕನ್ನಡಕ ಕೊಡ್ತೀರಾ?"

"ಇಲ್ಲ."

"ಮತ್ತೆ?"

"ಆದರೆ ಕಾರಣ ಅವರಿಗೆ ಗೊತ್ತಾಗಬೇಕಲ್ಲ! ಇಲ್ಲದಿದ್ದರೆ ಇದು ಎಂಥ ಕೆಲಸ? ನಾಳೆ ನೀವಿಲ್ಲದಿದ್ದರೆ ಯಾರು ಬರುತ್ತಾರೆ?"

ಅವರು ಬಹಳ ದಣಿದಿದ್ದರು. ಕೊಡೆಯನ್ನು ಕಾಲರಿನಿಂದ ತೆಗೆದು ನೆಲಕ್ಕೆ ಊರಿ ನಿಂತರು. "ನೀವು ಕಾರಣ ಹೇಳಿ ಮಾಸ್ಟ್ರೆ, ನಾನು ಬೇಡ ಎನ್ನಲಿಲ್ಲ. ಈಗ ಇನ್ನೂ ಒಳ್ಳೆಯದು. ಅವರು ಮಲಗಿದ್ದಾರೆ, ಎಲ್ಲಿಗೂ ಎದ್ದು ಹೋಗುದಿಲ್ಲ."

ಅದು ಗೇಲಿಯೋ ಸಲಹೆಯೋ ನನಗೆ ತಿಳಿಯಲಿಲ್ಲ. ಆದರೂ ಒಳಗೆ ಹೋದೆ. ತರಗತಿಯ ನೆಲದಲ್ಲಿ ಚಾಪೆಗಳ ಮೇಲೆ ಅವರೆಲ್ಲ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಅಲುಗಾಡದೆ ಅಂಗಾತ ಮಲಗಿದ್ದರು. ಆ ಅಜ್ಜನ ಪಕ್ಕ ಕೂತೆ. ಈ ಸಲ ಕಿಟಕಿ ಬೇಡ ಎಂದುಕೊಂಡು, ಕಣ್ಣಿನ ಬೊಂಬೆಯಿಂದ ಶುರು ಮಾಡಿ, ಪೊರೆ ಎಂದರೇನು, ಅದನ್ನು ಯಾಕೆ ತೆಗೆದರು, ತೆಗೆದ ಜಾಗದ ಕೆಲಸವನ್ನು ಕನ್ನಡಕ ಹೇಗೆ ಮಾಡುತ್ತದೆ, ಆಪರೇಶನ್ ಇಲ್ಲದೆ ಕನ್ನಡಕ ಯಾಕೆ ವ್ಯರ್ಥ, ಎಲ್ಲವನ್ನೂ ನನಗೆ ಬರುವಷ್ಟು ತುಳುವಿನಲ್ಲಿ ನಿಧಾನವಾಗಿ ಹೇಳಿದೆ. ಅಷ್ಟು ಚೆನ್ನಾಗಿ ನಾನು ಯಾವ ಕ್ಲಾಸಿನಲ್ಲೂ ಪಾಠ ಮಾಡಿಲ್ಲ. ಅಕ್ಕಪಕ್ಕದ ಚಾಪೆಗಳಲ್ಲಿಯೂ ಮಾತು ನಿಂತಿತ್ತು, ಕೇಳುತ್ತಿದ್ದರು.

ಅಜ್ಜ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಗೌರವದಿಂದ, "ಹೌದು ಮಾಸ್ಟ್ರೆ, ನೀವು ಓದಿದವರು" ಎಂದರು. ಆಮೇಲೆ ಚಾಪೆಯಿಂದ ಕೈ ಎತ್ತಿ ಗಾಳಿಯಲ್ಲಿ ತಡಕಿ, ನನ್ನ ಮೊಣಕೈ ಸಿಕ್ಕಿದಾಗ ಅದನ್ನು ಹಿಡಿದುಕೊಂಡು, ಬೇರೆಯವರಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ ಕೇಳಿದರು:

"ನನ್ನನ್ನೇ ಇನ್ನೊಮ್ಮೆ ಕೊಯ್ದರೂ ತೊಂದರೆ ಇಲ್ಲ. ಮನೆಯಲ್ಲಿ ಅಜ್ಜಿಗೂ ಒಂದು ಕನ್ನಡಕ ಕೊಡ್ತಾರಾ?"